ಹದಿನೇಳನೆಯ ಹೋಲಿನ ಹುಲ್ಲು

ತಿರುಮಣಿ
ಆಗಸ್ಟ್ 28, 2024

ಅಂಜನ,

ನೀನು ಕೋಲ್ಕತ್ತಾದಲ್ಲಿ ಗೆದ್ದ ಕಪ್ ಹೋದ ವಾರವೇ ಬಂತು. ಕೊರಿಯರಿನವರು ತಿರುಮಣಿಗೆಲ್ಲ ಬರುವುದಿಲ್ಲ, ಪಾವಗಡಕ್ಕೇ ಬಂದು ತೆಗೆದುಕೊಳ್ಳಿ ಅಂದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಪಕ್ಕದಲ್ಲಿ ಕೂತ ಹೆಂಗಸು "ಏನಮ್ಮಾ, ಕುಕ್ಕರ್ರಾ?" ಅಂದಳು. "ಅಲ್ಲ, ನನ್ನ ತಮ್ಮ" ಅಂದೆ. ಅವಳು ಊರು ಬರುವ ತನಕ ನನ್ನನ್ನು ಒಂಥರಾ ನೋಡುತ್ತಿದ್ದಳು.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ ಇಪ್ಪತ್ತೆರಡು ವರ್ಷ ಹುಲ್ಲು ಕತ್ತರಿಸುವ ಮೆಷೀನಿನ ಮೇಲೆ ಕೂತು ಅಪ್ಪನ ಕಿವಿ ಮಂದವಾಗಿರುವುದು ನಿನಗೇ ಗೊತ್ತು. ಫೋನ್ ಬಂದರೆ ಸಾಕು, ಸ್ಪೀಕರ್ ಹಾಕುತ್ತಾರೆ. ನೀನು ಕೆಮ್ಮಿದರೂ ಬೀದಿಗೆಲ್ಲ ಕೇಳುತ್ತದೆ. ನೀನು ಶಾಲೆಯ ವಿಳಾಸಕ್ಕೆ ಬರೆ, ಮನೆಗೆ ಬೇಡ.

ಊರಿನಲ್ಲಿ ನಿನ್ನದೇ ಮಾತು. ಚಿಕ್ಕಹನುಮಕ್ಕಜ್ಜಿ ಮನೆಗೇ ಬಂದು "ಅದೇನ್ ಕೋಲಲ್ಲಿ ಹೊಡೀತಾನಂತೆ, ಆಮೇಲೆ ಅವನೇ ಉಡುಕ್ಕೊಂಡ್ ಹೋಗ್ತಾನಂತೆ! ಉಡುಕೋದಾದ್ರೆ ಹೊಡೀಬೇಕ್ಯಾಕೆ?" ಅಂತ ಕೇಳಿತು. ನವೆಂಬರ್ ಒಂದಕ್ಕೆ ನಮ್ಮ ಶಾಲೆಯಲ್ಲಿ ನಿನಗೆ ಸನ್ಮಾನ ಅಂತ ಹೆಡ್‌ಮಾಸ್ಟರು ಆಗಲೇ ಹೇಳಿಬಿಟ್ಟಿದ್ದಾರೆ. ಮಕ್ಕಳು ಗಾಲ್ಫ್ ಅಂದರೆ ಏನು ಮಿಸ್ ಅಂತ ಪ್ರಾಣ ತಿನ್ನುತ್ತಿದ್ದಾರೆ. ನಾಲ್ಕು ಸಾಲು ಬರೆದು ಕಳಿಸು, ಓದಿ ಹೇಳುತ್ತೇನೆ.

ರೇಣುಕಯ್ಯ ಮಾವ ಹೇಗಿದ್ದಾರೆ? ಆರು ವರ್ಷ ಬಿಸಿಲಿನಲ್ಲಿ ನಿನ್ನ ಕೋಲುಗಳ ಬ್ಯಾಗ್ ಹೊತ್ತು ತಿರುಗಿದವರು. ನೀನು ಸೋತಾಗಲೆಲ್ಲ ನಿನ್ನ ಜೊತೆ ಉಪವಾಸ ಮಲಗಿದವರು. ಅವರಿಗೂ ಶಾಲು ಹೊದಿಸಬೇಕು ಅಂತ ಹೇಳಿದ್ದೇನೆ.

ಅಪ್ಪ ಕಪ್ಪನ್ನು ಮೊದಲ ದಿನ ಬುದ್ಧರ ಫೋಟೊ ಮುಂದೆ ಇಟ್ಟಿದ್ದರು. ಈಗ ಟವೆಲ್ಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. "ದೂಳು ಕೂರ್ತದೆ" ಅಂದರು. ಅವರ ಅತಿ ಜೋಪಾನ ನಿನಗೆ ಗೊತ್ತಲ್ಲ.

ನಿನ್ನ ಅಕ್ಕ,
ಗಂಗಾಂಬಿಕಾ


ಬೆಂಗಳೂರು
ಸೆಪ್ಟೆಂಬರ್ 9, 2024

ಅಕ್ಕ,

ಚಿಕ್ಕಹನುಮಕ್ಕಜ್ಜಿ ಕೇಳಿದ ಪ್ರಶ್ನೆಯನ್ನು ನಾನೂ ಆರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ.

ಮಕ್ಕಳಿಗೆ ಹೀಗೆ ಹೇಳು. ದೊಡ್ಡ ಹುಲ್ಲುಗಾವಲಿನಲ್ಲಿ ಹದಿನೆಂಟು ಸಣ್ಣ ಗುಂಡಿಗಳಿರುತ್ತವೆ. ಅವನ್ನು ಹೋಲ್ ಅನ್ನುತ್ತಾರೆ. ಒಂದೊಂದಕ್ಕೂ ಚೆಂಡು ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಪ್ರೊಫೆಷನಲ್ ಅಂದರೆ ಸಾಹುಕಾರ ಅಂತ ಊರಲ್ಲಿ ಅಂದುಕೊಂಡಿರುತ್ತಾರೆ. ಸಾಹುಕಾರರು ಸಂತೋಷಕ್ಕೆ ಆಡುತ್ತಾರೆ. ನಾವು ಊಟಕ್ಕೆ ಆಡುತ್ತೇವೆ, ಅಷ್ಟೇ ವ್ಯತ್ಯಾಸ. ನಾಲ್ಕು ದಿನದ ಆಟ. ಎರಡನೆಯ ದಿನ ಸಂಜೆ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಕೆಳಗಿದ್ದವನು ಬರಿಗೈಯಲ್ಲಿ ರೈಲು ಹತ್ತಬೇಕು. ಹಾಗೆ ಹತ್ತಿ ಹತ್ತಿ ನನಗೆ ಈ ದೇಶದ ರೈಲ್ವೆ ಸ್ಟೇಷನ್ನುಗಳ ಇಡ್ಲಿ ಎಲ್ಲೆಲ್ಲಿ ಹೇಗಿರುತ್ತದೆ ಅಂತ ಬಾಯಿಪಾಠವಾಗಿದೆ. ನನ್ನಷ್ಟೇ ಚೆನ್ನಾಗಿ ಆಡುವ ನೂರು ಜನರಿದ್ದಾರೆ. ಬೆಳಿಗ್ಗೆ ಎದ್ದರೆ ಅವರ ಜೊತೆ ನಗುತ್ತಾ ಚಾ ಕುಡಿಯಬೇಕು, ಅವರ ಚೆಂಡು ನೀರಿಗೆ ಬೀಳಲಿ ಅಂತ ಮನಸ್ಸಿನಲ್ಲಿ ಬೇಡಿಕೊಳ್ಳಬೇಕು. ಇದನ್ನು ಮಕ್ಕಳಿಗೆ ಹೇಳಬೇಡ.

ಇನ್ನೊಂದು ಇದೆ, ಅದನ್ನು ಹೇಳಬಹುದು. ನಮಗೆ ಅಂಪೈರ್ ಇರುವುದಿಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ ಯಾರು ಯಾರನ್ನು ಕಾಯುವುದು? ತಪ್ಪು ಮಾಡಿದವನೇ ಕೈ ಎತ್ತಬೇಕು. ಹೊಡೆಯುವ ಮುಂಚೆ ಕೋಲು ತಾಗಿ ಚೆಂಡು ಇಷ್ಟೇ ಇಷ್ಟು ಅಲುಗಿದರೂ, ಯಾರೂ ನೋಡದಿದ್ದರೂ, ಅವನೇ ಹೇಳಿ, ಚೆಂಡನ್ನು ಇದ್ದ ಜಾಗಕ್ಕೆ ಇಟ್ಟು, ಒಂದು ಹೊಡೆತ ಜಾಸ್ತಿ ಬರೆಸಿಕೊಳ್ಳಬೇಕು. ಕೊನೆಗೆ ಹೊಡೆತಗಳ ಲೆಕ್ಕದ ಚೀಟಿಗೆ ಸಹಿ ಹಾಕಬೇಕು, ಲೆಕ್ಕ ಸುಳ್ಳಾದರೆ ಗೆಲುವೇ ಹೋಗುತ್ತದೆ.

ರೇಣುಕಯ್ಯ ಮಾವನಿಗೆ ಮಂಡಿ ನೋವು ಜಾಸ್ತಿಯಾಗಿದೆ. ಬ್ಯಾಗ್ ಹೊರಲು ಆಗುವುದಿಲ್ಲ. ತಮ್ಮೂರು ಕೊರಟಗೆರೆಗೆ ಹೋಗಿಬಿಟ್ಟರು. ಈಗ ಚೇತನ್ ಕುಮಾರ್ ಅಂತ ಒಬ್ಬರನ್ನು ಇಟ್ಟುಕೊಂಡಿದ್ದೇನೆ. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾರೆ.

ನವೆಂಬರ್ ಒಂದಕ್ಕೆ ಬರುವುದು ಅನುಮಾನ. ಟೂರ್ನಿ ಇರಬಹುದು. ಸನ್ಮಾನ ಗಿನ್ಮಾನ ಯಾಕೆ ಅಕ್ಕ, ಬಿಡು. ಕಪ್ ಅಟ್ಟದ ಮೇಲೇ ಇರಲಿ.

ಅಂಜನ್


ತಿರುಮಣಿ
ಸೆಪ್ಟೆಂಬರ್ 27, 2024

ಅಂಜನ,

ನಿನ್ನ ಕಾಗದವನ್ನು ಏಳನೆಯ ತರಗತಿಗೆ ಓದಿ ಹೇಳಿದೆ. ಇಡ್ಲಿಯ ಭಾಗಕ್ಕೆ ನಕ್ಕರು. ಅಂಪೈರ್ ಇಲ್ಲ ಅಂದಾಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು, "ಮಿಸ್, ಅಂಗಾದ್ರೆ ಮೋಸ ಮಾಡಬಹುದಲ್ವಾ?" "ಮಾಡಬಹುದು, ಆದರೆ ನನ್ನ ತಮ್ಮ ಮಾಡಲ್ಲ" ಅಂದೆ. ಅವತ್ತಿನಿಂದ ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳು ಏನೇ ಆಡಲಿ, ಔಟಾದವರು ತಾವೇ ಕೈ ಎತ್ತುವುದು. ಅದಕ್ಕೆ ಗಾಲ್ಫ್ ರೂಲ್ ಅಂತ ಹೆಸರು ಇಟ್ಟಿದ್ದಾರೆ. ನೀನು ಇಲ್ಲದೆಯೂ ಇಲ್ಲಿ ಮೇಷ್ಟರಾಗಿದ್ದೀಯ.

ಈಗ ಕೇಳು. ಮೊನ್ನೆ ಪಾವಗಡದಲ್ಲಿ ತಾಲ್ಲೂಕು ಮಟ್ಟದ ಖೋಖೋ. ನಮ್ಮ ಹುಡುಗಿಯರು ಮೊದಲ ಸಲ ಫೈನಲ್ಲಿಗೆ ಬಂದಿದ್ದರು. ಲೋಹಿತಾ ಅಂತ ಒಬ್ಬಳಿದ್ದಾಳೆ, ಕಡ್ಡಿಯ ಹಾಗೆ, ಹಿಡಿಯಲು ಸಿಗುವುದೇ ಇಲ್ಲ. ಇನ್ನು ಅರ್ಧ ನಿಮಿಷ ತಪ್ಪಿಸಿಕೊಂಡಿದ್ದರೆ ಕಪ್ ನಮ್ಮದು. ಆ ಕಡೆಯವಳ ಬೆರಳ ತುದಿ ಇವಳ ಜಡೆಗೆ ತಾಗಿತಂತೆ. ಅಂಪೈರ್ ನೋಡಲಿಲ್ಲ, ಮುಟ್ಟಿದವಳಿಗೂ ಗೊತ್ತಾಗಲಿಲ್ಲ. ಇವಳು ನಿಂತಳು. ಕೈ ಎತ್ತಿ "ಟಚ್ ಆಯ್ತು ಸಾರ್" ಅಂದಳು. ಸೋತೆವು.

ವ್ಯಾನಿನಲ್ಲಿ ವಾಪಸ್ ಬರುವಾಗ ಯಾರೂ ಅವಳ ಜೊತೆ ಮಾತಾಡಲಿಲ್ಲ. ಪಿ.ಟಿ. ಮೇಷ್ಟರು ಎಲ್ಲರೆದುರು ಬೈದರು. ಎರಡು ದಿನದಿಂದ ಶಾಲೆಗೆ ಬಂದಿಲ್ಲ. ನೀನು ಅವಳಿಗೆ ಒಂದು ಕಾಗದ ಬರೆಯಬೇಕು. ನಾನು ಹೇಳಿದರೆ ಮಿಸ್ ಸಮಾಧಾನ ಮಾಡುತ್ತಾರೆ ಅಂದುಕೊಳ್ಳುತ್ತಾಳೆ. ನೀನು ಹೇಳಿದರೆ ಅದರ ತೂಕ ಬೇರೆ.

ಅಪ್ಪ ಈಗ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನಲ್ಲುಗಳ ಕೆಳಗೆ ಹುಲ್ಲು ಕೀಳುವ ಕೆಲಸಕ್ಕೆ ಹೋಗುತ್ತಿದ್ದಾರೆ. ಬೇಡ ಅಂದರೆ ಕೇಳುವುದಿಲ್ಲ. ಮನೆಗೆ ಬಂದರೆ ನಿನ್ನ ಆಟದ ವಿಡಿಯೊ. ಕೊನೆಯ ದಿನದ್ದನ್ನು ಯೂಟ್ಯೂಬಿಗೆ ಹಾಕಿದ್ದಾರಲ್ಲ, ಅದೇ. ಹದಿನೇಳನೆಯ ಹೋಲ್ ಬಂದ ಕೂಡಲೇ ಬೆರಳಿಟ್ಟು ನಿಲ್ಲಿಸುತ್ತಾರೆ, ಹಿಂದಕ್ಕೆ ಎಳೆಯುತ್ತಾರೆ, ಮತ್ತೆ ನಿಲ್ಲಿಸುತ್ತಾರೆ. "ಏನಪ್ಪಾ ಅಷ್ಟು ನೋಡೋದು?" ಅಂದೆ. "ಹುಲ್ಲು ನೋಡ್ತಿವ್ನಿ ಕಣಮ್ಮ" ಅಂದರು. ಹುಲ್ಲಿನ ಹುಚ್ಚು ಇನ್ನೂ ಇಳಿದಿಲ್ಲ ನೋಡು.

ಲೋಹಿತಾಗೆ ಬೇಗ ಬರೆ.

ಗಂಗಾಂಬಿಕಾ


ತಿರುಮಣಿ
ಅಕ್ಟೋಬರ್ 18, 2024

ಅಂಜನ,

ಮೂರು ವಾರವಾಯಿತು. ಒಂದು ಹುಡುಗಿಗೆ ನಾಲ್ಕು ಸಾಲು ಬರೆಯಲು ನಿನಗೆ ಪುರುಸೊತ್ತಿಲ್ಲವಾ? ಕಪ್ ಗೆದ್ದ ಮೇಲೆ ಕೊಂಬು ಬಂತಾ? ಲೋಹಿತಾ ಶಾಲೆಗೆ ಬರುತ್ತಿದ್ದಾಳೆ. ಆಟಕ್ಕೆ ಇಳಿಯುವುದಿಲ್ಲ, ಗೋಡೆಗೆ ಒರಗಿ ಕೂರುತ್ತಾಳೆ. ದಿನಾ ನನ್ನ ಮುಖ ನೋಡುತ್ತಾಳೆ. ಇನ್ನೂ ಬಂದಿಲ್ಲ ಕಣೆ ಅಂತ ಎಷ್ಟು ದಿನ ಹೇಳಲಿ?

ಬ್ಯಾನರ್ ಬಂದಿದೆ. ನಿನ್ನ ಫೋಟೊ ನನಗಿಂತ ಎತ್ತರ ಇದೆ. ಆದರೆ ಅಪ್ಪ ಸನ್ಮಾನಕ್ಕೆ ಬರುವುದಿಲ್ಲ ಅನ್ನುತ್ತಿದ್ದಾರೆ. "ನಾನ್ ಬರಾಕಿಲ್ಲ, ನೀವ್ ಮಾಡ್ಕಳಿ" ಅಂದರು, ಮುಗಿಯಿತು. ಗೆದ್ದ ಮೇಲೆ ಮಗ ಒಂದು ಸಲವೂ ಮನೆಗೆ ಬರಲಿಲ್ಲ ಅಂತ ಮುನಿಸು ಇರಬೇಕು. ಬೆಳಿಗ್ಗೆ ಪಂಚಶೀಲ ಹೇಳುವಾಗ ನಾಲ್ಕನೆಯದಕ್ಕೆ ಬಂದು ನಿಂತುಬಿಡುತ್ತಾರೆ. ಅದೇ, ಸುಳ್ಳಾಡುವುದಿಲ್ಲ ಅನ್ನುವುದು. ಮರೆವು ಶುರುವಾಯಿತೋ ಏನೋ ಅಂತ ನನಗೆ ಹೆದರಿಕೆ. ನೀನು ಬಂದು ಮಾತಾಡಿಸು.

ಗಂಗಾಂಬಿಕಾ


ಬೆಂಗಳೂರು
ಅಕ್ಟೋಬರ್ 24, 2024

ಅಕ್ಕ,

ಅಪ್ಪನಿಗೆ ಮರೆವು ಇಲ್ಲ. ಮುನಿಸೂ ಅಲ್ಲ.

ಲೋಹಿತಾಗೆ ಬರೆಯಲು ಐದು ಸಲ ಕೂತೆ. "ನೀನು ಮಾಡಿದ್ದು ಸರಿ" ಅಂತ ಬರೆದು ಕೆಳಗೆ ನನ್ನ ಹೆಸರು ಬರೆಯಲು ಕೈ ಬರಲಿಲ್ಲ. ಐದು ಸಲವೂ ಹರಿದು ಹಾಕಿದೆ. ಈಗ ನಿನಗೆ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಕೋಲ್ಕತ್ತಾದಲ್ಲಿ ಕೊನೆಯ ದಿನ ಹದಿನಾರು ಹೋಲ್ ಮುಗಿದಾಗ ನಾನು ಒಂದೇ ಒಂದು ಹೊಡೆತ ಮುಂದಿದ್ದೆ. ಹದಿನೇಳನೆಯದರಲ್ಲಿ ನನ್ನ ಚೆಂಡು ಮರದ ಕೆಳಗೆ ಉದ್ದ ಹುಲ್ಲಿಗೆ ಹೋಯಿತು. ನಾನು ಕೋಲನ್ನು ಚೆಂಡಿನ ಹಿಂದೆ ಊರಿದೆ. ಚೆಂಡು ತಿರುಗಿತು. ಜಾಸ್ತಿ ಏನಿಲ್ಲ, ಅದರ ಮೇಲಿನ ಕಂಪನಿ ಹೆಸರು ನನ್ನ ಕಡೆ ಇತ್ತು, ಆಮೇಲೆ ಕಾಣಲಿಲ್ಲ. ಅಷ್ಟೇ. ಕೈ ಎತ್ತಬೇಕಿತ್ತು. ಕೈ ಏಳಲಿಲ್ಲ. ಆರು ವರ್ಷ ಅಕ್ಕ! ಆರು ವರ್ಷ ಆ ಗೆರೆಯ ಕೆಳಗೆ. ಗಾಳಿಗೆ ಅಲುಗಿತು ಅಂದುಕೊಂಡೆ. ಗಾಳಿಯೇ ಇರಲಿಲ್ಲ. ಹೊಡೆದೆ. ಒಂದು ಹೊಡೆತದಿಂದ ಗೆದ್ದೆ. ಚೀಟಿಗೆ ಸಹಿ ಹಾಕಿದೆ, ಫೋಟೊಗೆ ಹಲ್ಲು ಬಿಟ್ಟೆ.

ಯಾರೂ ನೋಡಲಿಲ್ಲ. ಅದಕ್ಕೇ ದಕ್ಕಿತು ಅಂದುಕೊಂಡಿದ್ದೆ. ನೀನು ಬರೆದೆ, ಅಪ್ಪ ಹದಿನೇಳನೆಯ ಹೋಲಿನ ಹುಲ್ಲು ನೋಡುತ್ತಾರೆ ಅಂತ. ಓದಿದ ಕೂಡಲೇ ಕಾಗದ ಮಡಚಿಟ್ಟೆ. ಇಪ್ಪತ್ತೆರಡು ವರ್ಷ ಹುಲ್ಲಿನ ಜೊತೆ ಬದುಕಿದ ಮನುಷ್ಯ. ಹುಲ್ಲು ಯಾವಾಗ ಗಾಳಿಗೆ ಅಲುಗುತ್ತದೆ, ಯಾವಾಗ ಕೋಲಿಗೆ ಅಲುಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಕಪ್ಪಿಗೆ ಟವೆಲ್ ಸುತ್ತಿದ್ದು ಧೂಳಿಗಲ್ಲ.

ಮೊನ್ನೆ ಸೋಮವಾರ ಟೂರ್ನಿ ನಡೆಸುವವರ ಆಫೀಸಿಗೆ ಹೋಗಿ ಹೇಳಿದೆ. ಅರವತ್ತಾರು ದಿನ ತಡ. ಎದುರು ಕೂತವರು "ಇಷ್ಟು ದಿನ ಆದ ಮೇಲೆ ಈಗ ಯಾಕೆ?" ಅಂದರು. ಒಂದು ಖೋಖೋ ಮ್ಯಾಚ್ ಆಯಿತು ಸಾರ್ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಗೆಲುವು ಹೋಯಿತು, ಬಹುಮಾನ ವಾಪಸ್. ಒಂದು ವರ್ಷ ಆಡುವ ಹಾಗಿಲ್ಲ ಅಂತ ನಿನ್ನೆ ಕಾಗದ ಕೈಗೆ ಬಂತು. ಎರಡನೆಯವನಾಗಿದ್ದವನಿಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ.

ಬ್ಯಾನರ್ ಇಳಿಸು. ಹೆಡ್‌ಮಾಸ್ಟರಿಗೆ ನಾನೇ ಹೇಳಲಾ, ನೀನು ಹೇಳುತ್ತೀಯಾ? ನಿನ್ನ ಮುಖಕ್ಕೆ ಮಸಿ ಬಳಿದೆ. "ನನ್ನ ತಮ್ಮ ಮಾಡಲ್ಲ" ಅಂದಿದ್ದೆಯಂತೆ. ಆ ಸಾಲನ್ನು ಮತ್ತೆ ಓದಲು ನನಗೆ ಧೈರ್ಯವಿಲ್ಲ.

ಲೋಹಿತಾಗೆ ಒಂದು ಚೀಟಿ ಇದರ ಜೊತೆಗಿದೆ. "ನೀನು ಅಲ್ಲೇ ಕೈ ಎತ್ತಿದೆ. ನಾನು ಎತ್ತಲಿಲ್ಲ. ಇಬ್ಬರಲ್ಲಿ ಆಟಗಾರ್ತಿ ನೀನು" ಅಂತ. ಕೊಡಬೇಕು ಅನ್ನಿಸಿದರೆ ಕೊಡು.

ಊರಿಗೆ ಬರಲಾ?

ಅಂಜನ್


ತಿರುಮಣಿ
ನವೆಂಬರ್ 3, 2024

ಅಂಜನ,

ಮೊದಲ ದಿನ ನಿನಗೆ ಬರೆಯಬಾರದು ಅಂದುಕೊಂಡೆ. ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಹೆಡ್‌ಮಾಸ್ಟರಿಗೆ ನಾನೇ ಹೇಳಿದೆ. ಪಾಪ, ಅವರು ಬ್ಯಾನರನ್ನು ತಾವೇ ಮಡಚಿದರು, ನಿನ್ನ ಮುಖ ಒಳಗೆ ಬರುವ ಹಾಗೆ. ಸ್ಟಾಫ್ ರೂಮಿನಲ್ಲಿ ನಾನು ಬಂದರೆ ಮಾತು ನಿಲ್ಲುತ್ತದೆ. ನಾಚಿಕೆ ಅಂದರೆ ಇಷ್ಟು ಅಂತ ನನಗೆ ಗೊತ್ತಿರಲಿಲ್ಲ ಕಣೋ. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ನಿಂತು ಪಾಠ ಮಾಡುತ್ತಿದ್ದೇನೆ.

ಆದರೆ ನಾನೂ ಒಂದು ಸುಳ್ಳು ಬರೆದಿದ್ದೆ. ವ್ಯಾನಿನಲ್ಲಿ ಲೋಹಿತಾಗೆ ಬೈದದ್ದು ಪಿ.ಟಿ. ಮೇಷ್ಟರಲ್ಲ. ಅವರು ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ಬೈದವಳು ನಾನು. "ಅಂಪೈರ್ ಏನಾದ್ರೂ ಕೇಳಿದ್ರೇನೆ ನಿನ್ನ? ಬಾಯಿ ಮುಚ್ಕೊಂಡು ಓಡೋಕೆ ಏನಾಗಿತ್ತು?" ಅಂದೆ. ಗಾಲ್ಫ್ ರೂಲ್ ಹೇಳಿಕೊಟ್ಟ ಮಿಸ್ಸು. ಅವಳು ಶಾಲೆಗೆ ಬಾರದೆ ಇದ್ದದ್ದು ಅದಕ್ಕೆ. ನಾನು ಕೆಡಿಸಿದ್ದನ್ನು ನಿನ್ನ ಕಾಗದದಿಂದ ರಿಪೇರಿ ಮಾಡಿಸಲು ಹೊರಟಿದ್ದೆ. ನಿನ್ನ ಚೀಟಿ ಕೊಟ್ಟೆ. ತಪ್ಪಾಯಿತು ಕಣಮ್ಮ ಅಂತಲೂ ಹೇಳಿದೆ. ಅವಳು ಚೀಟಿ ಓದಿ, ನಾಲ್ಕು ಮಡಿಕೆ ಮಡಚಿ, ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಳು. "ನಿಮ್ ತಮ್ಮಂಗೂ ಬೈದ್ರಾ ಮಿಸ್?" ಅಂತ ಮಾತ್ರ ಕೇಳಿದಳು.

ಈಗ ಅಪ್ಪ. ನಿನ್ನ ಕಾಗದವನ್ನು ಅವರಿಗೆ ಓದಿದೆ. ಜೋರಾಗಿ ಓದಬೇಕಲ್ಲ, ಬಾಗಿಲು ಕಿಟಕಿ ಎಲ್ಲ ಹಾಕಿಕೊಂಡೆ. ಕೇಳಿ ತಲೆ ಆಡಿಸಿದರು. "ಗೊತ್ತಿದ್ದೂ ಯಾಕಪ್ಪ ಸುಮ್ಮನಿದ್ದೆ?" ಅಂದೆ. "ನಾನ್ ಏಳಿದ್ರೆ ಅದು ನನ್ ಮಾತಾಗ್ತಿತ್ತು. ಅವನೇ ಏಳ್ಬೇಕು. ಆ ಆಟ ಅಂಗೈತೆ" ಅಂದರು.

ನೀನು ಅಂದುಕೊಂಡಿರುವುದು ತಪ್ಪು. ಅವರು ಹುಲ್ಲು ನೋಡಿ ಕಂಡುಹಿಡಿಯಲಿಲ್ಲ. "ಇಷ್ಟ್ ಸಣ್ಣ ಫೋನಲ್ಲಿ ಹುಲ್ಲೆಲ್ಲಿ ಕಾಣ್ತದಮ್ಮ? ಚೆಂಡೂ ಕಾಣಲ್ಲ. ಹೊಡೆಯೋಕ್ ಮುಂಚೆ ಅವನು ಒಂದಪ ಸುತ್ತ ನೋಡ್ದ. ಹೊಡೆಯೋನು ಗುರಿ ನೋಡ್ತಾನೆ, ಜನಾನ ನೋಡಲ್ಲ. ನಿಂಗೆ ಹುಲ್ಲು ಅಂದೆ, ಮಗನ ಮುಖ ಅನ್ನಕ್ ಬಾಯ್ ಬರ್ಲಿಲ್ಲ" ಅಂದರು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಆಮೇಲೆ ಕೇಳಿದರು, "ಯಾರೂ ನೋಡ್ಲಿಲ್ಲ ಅಂತ ಬರ್ದವ್ನಾ? ಇನ್ನೊಂದಪ ಓದು." ಓದಿದೆ. "ರೇಣುಕ ಎಲ್ಲೋಗಿದ್ದ? ಬ್ಯಾಗ್ ಹೊತ್ತೋನು ಎರಡು ಮಾರು ದೂರದಲ್ಲೇ ನಿಂತಿರ್ತಾನೆ. ಮಂಡಿ ನೋವಂತೆ, ಮಂಡಿ! ನಾನು ಫೋನ್ ಮಾಡಿ ಕೇಳ್ದೆ. ಮಂಡಿ ಸಂದಾಗೈತೆ ಕಣಣ್ಣ ಅಂದ. ಅದರ ಮ್ಯಾಲೆ ಒಂದ್ ಮಾತಾಡ್ಲಿಲ್ಲ ಅವನು."

ಅಂಜನ, ರೇಣುಕಯ್ಯ ಮಾವನನ್ನು ಏನು ಮಾಡಿದೆ ನೀನು?

ಕಪ್ಪನ್ನು ಅಪ್ಪನೇ ಪ್ಯಾಕ್ ಮಾಡಿದ್ದಾರೆ, ನಾಳೆ ಕಳಿಸುತ್ತೇನೆ. ಊರಿಗೆ ಬರಲಾ ಅಂತ ಕೇಳಿದ್ದೀಯಲ್ಲ, ಅದಕ್ಕೆ ಅಪ್ಪನ ಉತ್ತರ ಇದು: "ಬರ್ಲಿ. ರೇಣುಕನ ಮನೆ ಮ್ಯಾಲೆ ಬರ್ಲಿ."

ಗಂಗಾಂಬಿಕಾ


ಕೊರಟಗೆರೆ
ನವೆಂಬರ್ 12, 2024

ಅಕ್ಕ,

ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿದ್ದೇನೆ. ನಾಲ್ಕು ದಿನವಾಯಿತು.

ಅವತ್ತು ಚೆಂಡು ತಿರುಗಿದ್ದನ್ನು ಮಾವ ನೋಡಿದರು. ನಾನು ಸುತ್ತ ನೋಡಿದಾಗ ಮೊದಲು ಕಂಡದ್ದು ಅವರ ಕಣ್ಣೇ. ಆಟ ಮುಗಿದು ಚೀಟಿಗೆ ಸಹಿ ಹಾಕುವ ಮುಂಚೆ ಪೆನ್ಸಿಲ್ ಕೊಡುತ್ತಾ ಮೆಲ್ಲಗೆ, "ಲೇ ಅಂಜ, ಹದಿನೇಳಕ್ಕೆ ಒಂದು ಸೇರಿಸ್ಕಳ್ಳಾ" ಅಂದರು. ಕೇಳಿಸದವನ ಹಾಗೆ ಸಹಿ ಹಾಕಿದೆ. ಅವರು ಮತ್ತೆ ಹೇಳಲಿಲ್ಲ. ರೈಲಿನಲ್ಲಿ ವಾಪಸ್ ಬರುವಾಗ ನನ್ನ ಬೂಟು ಒರೆಸಿಟ್ಟರು, ನೀರು ತಂದುಕೊಟ್ಟರು. ಅವರು ಒಂದು ಮಾತು ಬೈದಿದ್ದರೆ ಜಗಳ ಆಡುತ್ತಿದ್ದೆ. ಅವರ ಮುಖ ನೋಡಲು ಆಗಲಿಲ್ಲ. ಮುಂದಿನ ವಾರ ಫೋನಿನಲ್ಲಿ ಮೆಸೇಜ್ ಕಳಿಸಿದೆ: ನಿಮಗೆ ಮಂಡಿ ನೋವಲ್ವಾ, ಊರಲ್ಲಿ ರೆಸ್ಟ್ ತಗೊಳ್ಳಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲೂ ಒಂದು ಕಾರಣ ಬರೆದೆ. ಕಪ್ ವಾಪಸ್ ಕೊಡುವುದು ಸುಲಭವಾಗಿತ್ತು ಅಕ್ಕ. ಇದನ್ನು ನಿನ್ನ ಹತ್ತಿರ ಹೇಳಲೂ ಆಗಿರಲಿಲ್ಲ.

ಇಲ್ಲಿ ಕೇಳಿದೆ, ಪೇಟೆಯ ಮಂಡಿಯಲ್ಲಿ ಸಿಗುತ್ತಾರೆ ಅಂದರು. ಕಡಲೆಕಾಯಿ ಮೂಟೆ ಲಾರಿಗೆ ತುಂಬುವ ಕೆಲಸ. ದೂರದಿಂದ ನೋಡಿದೆ. ಐವತ್ತೆಂಟರ ಮನುಷ್ಯ ಬೆನ್ನ ಮೇಲೆ ಮೂಟೆ ಇಟ್ಟುಕೊಂಡು ಹಲಗೆ ಹತ್ತುತ್ತಿದ್ದರು. ಮಂಡಿಗೆ ಏನೂ ಆಗಿರಲಿಲ್ಲ.

ನನ್ನನ್ನು ನೋಡಿ ಮೂಟೆ ಇಳಿಸಿದರು. ಹೆಗಲ ಟವೆಲ್ ತೆಗೆದು ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಒರೆಸಿದರು. "ಬನ್ನಿ ಸರ್, ಕೂತ್ಕಳಿ" ಅಂದರು.

ಸರ್ ಅಂದರು ಅಕ್ಕ. ಒಂಬತ್ತು ವರ್ಷದವನಿದ್ದಾಗ ನನಗೆ ಮೊದಲ ಕೋಲು ಹಿಡಿಸಿಕೊಟ್ಟವರು. ಆರು ವರ್ಷ ಹಗಲೂ ರಾತ್ರಿ "ಲೇ ಅಂಜ" ಅಂತಿದ್ದವರು. ನಾನು ಎಲ್ಲ ಹೇಳಿದೆ, ಕಾಲು ಹಿಡಿಯಲು ಹೋದೆ, ಹಿಂದಕ್ಕೆ ಸರಿದರು. "ನಾನೇನೂ ನೋಡ್ಲಿಲ್ಲ ಬುಡಿ ಸರ್. ಆ ಕಡೆ ತಿರುಗಿದ್ದೆ" ಅಂದರು. ಟೀ ತರಿಸಿ ಕೊಟ್ಟು, ಮತ್ತೆ ಹಲಗೆ ಹತ್ತಿದರು.

ಮಾರನೆಯ ದಿನವೂ ಹೋದೆ. ಸರ್. ನಿನ್ನೆಯೂ ಸರ್. ಇವತ್ತು ಲಾರಿ ತುಂಬಲು ಒಬ್ಬರು ಕಡಿಮೆಯಿದ್ದರು. ಕೇಳದೆ ನಾನೇ ಒಂದು ಮೂಟೆಗೆ ಬೆನ್ನು ಕೊಟ್ಟೆ. ಹಲಗೆಯ ಅರ್ಧದಲ್ಲಿ ಮುಂದೆ ಹತ್ತಲಾಗದೆ ನಿಂತುಬಿಟ್ಟೆ. ಮಂಡಿಯವರೆಲ್ಲ ನಗುತ್ತಿದ್ದರು. ಮಾವ ಹಿಂದಿನಿಂದ ಬಂದು ಮೂಟೆಗೆ ಕೈ ಕೊಟ್ಟರು. ಏನೂ ಅನ್ನಲಿಲ್ಲ, ಸರ್ ಅಂತಲೂ ಅನ್ನಲಿಲ್ಲ.

ನಾಳೆ ಏಳು ಗಂಟೆಗೆ ಬರಲು ಮೇಸ್ತ್ರಿ ಹೇಳಿದ್ದಾರೆ. ಮಾವ ನನ್ನನ್ನು ಒಂದು ಸಲ "ಲೇ" ಅಂತ ಬೈದ ದಿನ ನಾನು ಊರಿನ ಬಸ್ಸು ಹತ್ತುತ್ತೇನೆ. ತಡವಾಗುತ್ತದೆ ಅಂತ ಅಪ್ಪನಿಗೆ ಹೇಳು. ಬಾಗಿಲು ಹಾಕಿಕೊಳ್ಳಬೇಡ, ಜೋರಾಗಿಯೇ ಓದು.

ಅಂಜನ್